ಶಿರಾಜ್ ಕೇಳಿದ ನೀರು

ದ್ರಾಕ್ಷಿ ಬಳ್ಳಿಗಳಿಗೆ ಮಾತು ಬಂದು ಅದು ಮೂರನೆಯ ವರ್ಷ. ಜನವರಿಯ ಒಂದು ಮಧ್ಯಾಹ್ನ, ವಿಜಯಪುರದ ಹಳೆಯ ಕೋಲ್ಡ್ ಸ್ಟೋರೇಜಿನ ಮಹಡಿಯಲ್ಲಿದ್ದ ಕಂಟ್ರೋಲ್ ರೂಮಿನೊಳಗೆ ಕುಳಿತು ರೇವಣಸಿದ್ಧ ಜಂಬಗಿ ತನ್ನ ವೈನಿಯ ತೋಟದ ಗೆರೆ ನೋಡುತ್ತಿದ್ದ. ಪರದೆಯ ಮೇಲೆ ನಲವತ್ತೊಂದು ತೋಟಗಳಿಗೆ ನಲವತ್ತೊಂದು ಗೆರೆ. ಅದರಲ್ಲಿ ನಲವತ್ತು ಗೆರೆಗಳು ಬಿಸಿಲೇರಿದಂತೆ ಏರಿ, ಹೊತ್ತಿಳಿದಂತೆ ಇಳಿದು, ಸರಕಾರಿ ನೌಕರರ ಹಾಗೆ ವೇಳೆಗೆ ಸರಿಯಾಗಿ ಮನೆ ಮುಟ್ಟುತ್ತಿದ್ದವು. ಹದಿನೇಳನೆಯದು ಮಾತ್ರ ಏರಲು ಶುರುವಿಟ್ಟ ಅರ್ಧ ತಾಸಿನಲ್ಲಿ ದೊಪ್ಪನೆ ಬೀಳುತ್ತಿತ್ತು. ಮತ್ತೆ ಏರುವುದು, ಮತ್ತೆ ಬೀಳುವುದು. ಗೆರೆ ಬಿತ್ತೆಂದರೆ ಯಾರೋ ವಾಲ್ವ್ ತಿರುವಿ ಬಳ್ಳಿಗೆ ನೀರು ಬಿಟ್ಟರೆಂದು ಅರ್ಥ. ಆ ಯಾರೋ ಯಾರೆಂದು ಕೇಳುವ ಅಗತ್ಯ ರೇವಣನಿಗೆ ಇರಲಿಲ್ಲ.

“ಇವತ್ತ ಎಷ್ಟನೇ ಸಲ?” ಹಿಂದಿನಿಂದ ಡಾ. ಮೆಹಜಬೀನ್ ಇನಾಮದಾರ ಕೇಳಿದರು. ಈ ಯಂತ್ರವನ್ನು ಕಂಡುಹಿಡಿದವರು ಅವರು, ರೇವಣನ ಮೇಲಧಿಕಾರಿಯೂ ಅವರೇ.

“ಆರನೇದು, ಮೇಡಂ.”

“ನಿಮ್ಮ ವೈನಿ ವೈನಿಗೆ ದ್ರಾಕ್ಷಿ ಬೆಳೀಲಿಕತ್ತಾರೋ, ಕಲ್ಲಂಗಡಿ ಬೆಳೀಲಿಕತ್ತಾರೋ?”

ಅಣ್ಣನ ಹೆಂಡತಿಯನ್ನು ವೈನಿ ಎನ್ನುವ ಸೀಮೆಯಲ್ಲಿ ವೈನಿನ ದ್ರಾಕ್ಷಿ ಬೆಳೆಸಲು ಹೆಂಗಸರ ಸಂಘ ಕಟ್ಟಿದರೆ ಅದರ ಮೇಲೆ ಎಷ್ಟು ಜೋಕುಗಳು ಹುಟ್ಟಬೇಕೋ ಅಷ್ಟೂ ಹುಟ್ಟಿಯಾಗಿದ್ದವು. ಅರ್ಧದಷ್ಟನ್ನು ಹುಟ್ಟಿಸಿದವನು ರೇವಣನೇ.

ಯಂತ್ರದ ಕಥೆ ದೊಡ್ಡದೇನಲ್ಲ. ನೀರಡಿಸಿದ ಬಳ್ಳಿ ಸದ್ದು ಮಾಡುತ್ತದೆ. ಕಾಂಡದೊಳಗೆ ಬೇರಿನಿಂದ ಎಲೆಯವರೆಗೆ ಕೂದಲಿಗಿಂತ ಸಣ್ಣ ನೀರಿನ ಎಳೆಗಳಿರುತ್ತವೆ. ಮೇಲಿನಿಂದ ಬಿಸಿಲು ಜಗ್ಗುತ್ತದೆ, ಕೆಳಗೆ ಒಣನೆಲ ಬಿಟ್ಟುಕೊಡಲು ಹಟ ಹಿಡಿಯುತ್ತದೆ. ಜಗ್ಗಾಟ ಜೋರಾದಾಗ ಎಳೆಯೊಂದು ಕಡಿದು, ಆ ಜಾಗದಲ್ಲಿ ಗಾಳಿಗುಳ್ಳೆ ಹುಟ್ಟಿ, ‘ಟಕ್’ ಅನ್ನುತ್ತದೆ. ಮನುಷ್ಯರ ಕಿವಿಗೆ ಸಿಗದಷ್ಟು ಕೀಚಲು ಟಕ್ಕು. ಅದನ್ನು ಹಿಡಿದು ಎಣಿಸುವ, ಹೆಬ್ಬೆರಳಿನ ಗಾತ್ರದ ಡಬ್ಬಿಯನ್ನು ಮೆಹಜಬೀನ್ ಮೇಡಂ ಮಾಡಿದರು. ತೋಟಕ್ಕೆ ಇಪ್ಪತ್ತು ಬಳ್ಳಿಯಂತೆ ಕಾಂಡಕ್ಕೆ ಕಚ್ಚಿಸುವ ಆ ಡಬ್ಬಿಗೆ ಕಾಗದಪತ್ರದಲ್ಲಿ ಉದ್ದನೆಯ ಹೆಸರಿದೆ, ತೋಟದವರು ಬುಗುಡಿ ಅನ್ನುತ್ತಾರೆ. ಬುಗುಡಿ ಕಿವಿಯ ಮೇಲೆ ಕೂರುವ ಒಡವೆ, ಇದು ಒಡವೆಯ ವೇಷದಲ್ಲಿ ಕೂತ ಕಿವಿ.

ಟಕ್ಕುಗಳ ಲೆಕ್ಕವನ್ನು ಮೊದಲು ರೈತರ ಮೊಬೈಲಿಗೆ ಸಂದೇಶವಾಗಿ ಕಳಿಸಿ ನೋಡಿದ್ದರು. ಹವಾಮಾನ, ಔಷಧಿ ಅಂಗಡಿ, ಶುಭೋದಯದ ಗುಲಾಬಿ ಹೂಗಳ ನಡುವೆ ಬಳ್ಳಿಯ ನೀರಡಿಕೆ ಯಾರ ಕಣ್ಣಿಗೂ ಬೀಳಲಿಲ್ಲ. “ಇವರು ಓದಂಗಿಲ್ಲ, ಕೇಳ್ತಾರ” ಎಂದು ಮೇಡಂ ತೋಟಕ್ಕೊಂದು ಕಂಬ ನೆಡಿಸಿ ಸ್ಪೀಕರ್ ಹಾಕಿಸಿದರು. ಬಳ್ಳಿಯ ಸ್ಥಿತಿಯನ್ನು ಕನ್ನಡದಲ್ಲಿ ಹೇಳಬೇಕು, ಹೇಳುವವರ ದನಿ ಕೇಳಿದರೆ ಜನ ನಿಲ್ಲಬೇಕು. ಅಂಥ ದನಿಗೆ ದೂರ ಹೋಗಬೇಕಾಗಲಿಲ್ಲ. ಅವರ ಕೈಕೆಳಗಿನ ಟೆಕ್ನಿಷಿಯನ್ ರೇವಣಸಿದ್ಧ, ಸಸ್ಯಶಾಸ್ತ್ರದ ಬಿ.ಎಸ್ಸಿ., ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮಿದ್ದನೆಂದರೆ ಪ್ರಿನ್ಸಿಪಾಲರ ಹೆಂಡತಿ ಔಷಧಿ ಬಾಟಲಿ ಹಿಡಿದು ಎದ್ದು ನಿಂತಿದ್ದರು.

ರೇವಣ ತಳಿಗೊಂದು ದನಿ ಕೊಟ್ಟ, ತಳಿಯ ಗುಣ ನೋಡಿ ಕೊಟ್ಟ. ಕ್ಯಾಬರ್ನೆ ದ್ರಾಕ್ಷಿ ಸಣ್ಣ ಕಾಳಿನದು, ಸಿಪ್ಪೆ ದಪ್ಪ, ಬೀಜದಲ್ಲಿ ಒಗರು, ಹಣ್ಣಾಗುವುದು ಎಲ್ಲರಿಗಿಂತ ತಡ. ಅದಕ್ಕೆ ನಿವೃತ್ತ ಹೆಡ್‌ಮಾಸ್ತರರ ದನಿ: “ಅವಸರ ಯಾತಕ್ಕ? ಕುಂದರು. ಪಾಠ ಇನ್ನೂ ಮುಗದಿಲ್ಲ.” ಶೆನಿನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿ ಹುಲುಸಾಗಿ ಬೆಳೆಯುತ್ತದೆ, ಆದರೆ ಗೊನೆಯಲ್ಲಿ ಕಾಳಿಗೆ ಕಾಳು ಅಂಟಿ ನಡುವೆ ಗಾಳಿಯಾಡದೆ ಕೊಳೆಯುತ್ತದೆ. ಅದಕ್ಕೆ ಬಸ್ಸಿನಲ್ಲಿ ಮೂವರ ಸೀಟಿಗೆ ಐವರನ್ನು ಕೂರಿಸಿ ತಾನೇ ಗೊಣಗುವ ದೊಡ್ಡಮ್ಮನ ದನಿ: “ಸರೀರಿ ಈಟ, ಉಸರ ಕಟ್ಟಾಕತ್ತೈತಿ!” ಸುವಿನ್ಯೋ ಬ್ಲಾಂನಲ್ಲಿ ಎಳೆ ಹುಲ್ಲಿನ, ಪೇರಲಕಾಯಿಯ ವಾಸನೆ ಇರುತ್ತದೆ, ಬಿಸಿಲು ಹೆಚ್ಚಾದರೆ ಹಾರಿಹೋಗುತ್ತದೆ. ಅದು ಕೊಡೆ ಮರೆತು ಬಂದ ಕಾಲೇಜು ಹುಡುಗಿಯಂತೆ ಕಿರುಚುತ್ತಿತ್ತು: “ಅಯ್ಯ, ಮಾರಿಮ್ಯಾಲೆ ಬಿಸಲ! ಲಗೂನ ಕೊಯ್ರಿ!” ಜನ ಕೆಲಸ ಬಿಟ್ಟು ಕೇಳಿದರು, ಕೇಳಿ ನಕ್ಕರು, ನಕ್ಕು ಹೇಳಿದಂತೆ ಮಾಡಿದರು. ಮದುವೆ ಮನೆಗಳಲ್ಲಿ ರೇವಣನನ್ನು ಹಿಡಿದು ನಿಲ್ಲಿಸಿ ಕ್ಯಾಬರ್ನೆ ಮಾಡಿಸುತ್ತಿದ್ದರು.

ಉಳಿದದ್ದು ಶಿರಾಜ್. ನಲವತ್ತೊಂದು ತೋಟಗಳಲ್ಲಿ ಶಿರಾಜ್ ಇದ್ದದ್ದು ಒಂದರಲ್ಲೇ, ತಿಕೋಟಾ ಬದಿಯ ಸಿದ್ದನಕೇರಿಯಲ್ಲಿ ರೇವಣನ ವೈನಿ ಶಾವಂತ್ರೆವ್ವನ ಎರಡು ಎಕರೆಯಲ್ಲಿ. ಕಪ್ಪು ಕಾಳು, ನೇರಳೆಯ ರುಚಿ, ಕೊನೆಯಲ್ಲಿ ನಾಲಿಗೆಗೆ ಮೆಣಸಿನಕಾಳಿನ ಚುರುಕು. ಆದರೆ ನೀರಿನ ವಿಷಯದಲ್ಲಿ ಈ ತಳಿ ಮಹಾ ದುಂದುಗಾರ. ನೆಲ ಒಣಗುವಾಗ ಬೇರೆ ಬಳ್ಳಿಗಳು ಎಲೆಯ ಬಾಯಿ ಮುಚ್ಚಿ ಉಳಿತಾಯ ಮಾಡುತ್ತವೆ, ಶಿರಾಜ್ ಬಾಯಿ ತೆರೆದೇ ಇಟ್ಟುಕೊಂಡು ಇರುವುದನ್ನೆಲ್ಲ ಖರ್ಚು ಮಾಡುತ್ತದೆ. ಹೀಗಾಗಿ ಟಕ್ಕುಗಳು ಅದರಲ್ಲೇ ಹೆಚ್ಚು. ರೇವಣ ಅದಕ್ಕೆ, ತನ್ನ ಚಿಕ್ಕಂದಿನಲ್ಲಿ ಸೈಕಲ್ ಮೇಲೆ ಊರೂರು ತಿರುಗಿ ಸ್ಟೋ ರಿಪೇರಿ ಮಾಡುತ್ತಿದ್ದ ಮೋದಿನಸಾಬನ ದನಿ ಕೊಟ್ಟಿದ್ದ. ಏದುಸಿರು, ಸಂಕೋಚ, ತುಸು ನಗು: “ಅವ್ವಾರ... ಬಿಸಲ ಭಾಳ ಆತು... ಒಂದ ಗುಟುಕ ನೀರ ಕೊಡ್ರಿ.” ರೆಕಾರ್ಡಿಂಗ್ ಮುಗಿದಾಗ ಮೇಡಂ ಕಣ್ಣೊರೆಸಿಕೊಂಡಿದ್ದರು. ತನ್ನ ಬಾಳಿನ ಅತ್ಯುತ್ತಮ ಅನುಕರಣೆ ಇದೆಂದು ರೇವಣ ನಂಬಿದ್ದ.

ವೈನಿನ ದ್ರಾಕ್ಷಿಗೆ ಬಣ್ಣ ತಿರುಗಿದ ಮೇಲೆ ನೀರು ಬಿಗಿಹಿಡಿಯಬೇಕು. ಆಗ ಕಾಳು ಸಣ್ಣದಾಗಿ ಉಳಿಯುತ್ತದೆ, ಸಕ್ಕರೆ ಏರುತ್ತದೆ, ಬಣ್ಣ ಮತ್ತು ಮೆಣಸು ಸಿಪ್ಪೆಗೆ ಇಳಿಯುತ್ತವೆ. ನೀರು ಸುರಿದರೆ ಕಾಳು ಉಬ್ಬಿ, ಕೆಂಪು ನೀರಿನ ಚೀಲವಾಗುತ್ತದೆ. ಶಾವಂತ್ರೆವ್ವನ ಶಿರಾಜ್ ಮೊದಲ ವರ್ಷ ಸಕ್ಕರೆಯ ಅಳತೆಯಾದ ಬ್ರಿಕ್ಸಿನಲ್ಲಿ ಹತ್ತೊಂಬತ್ತು ತೋರಿಸಿತ್ತು, ಎರಡನೆಯ ವರ್ಷ ಹತ್ತೊಂಬತ್ತೂವರೆ. ವೈನರಿಯವರಿಗೆ ಬೇಕಾದದ್ದು ಇಪ್ಪತ್ಮೂರು. ಮೂರನೆಯ ವರ್ಷವೂ ಬಾರದಿದ್ದರೆ ಸಾವಿರದ ಎಂಟುನೂರು ಬಳ್ಳಿಗಳನ್ನು ಮೊಳಕಾಲೆತ್ತರಕ್ಕೆ ಗರಗಸ ಹಾಕಿ ಕೊಯ್ದು, ಬುಡದ ಮೇಲೆ ತಿನ್ನುವ ದ್ರಾಕ್ಷಿಯ ಕಸಿ ಕಟ್ಟುವುದೆಂದು ಸಂಘ ಬರೆದುಕೊಟ್ಟಿತ್ತು. ಆ ಬಳ್ಳಿಗಳಿಗೆ ಕಸಿ ಕಟ್ಟಿದವಳು ಶಾವಂತ್ರೆವ್ವನೇ. ಒಂದೊಂದು ಕಡ್ಡಿಯನ್ನು ಸೀಳಿ, ಕೂರಿಸಿ, ಪಟ್ಟಿ ಸುತ್ತಿದ್ದಳು. ಗಂಡ ಒಣದ್ರಾಕ್ಷಿ ಲಾರಿ ಹೊಡೆಯುತ್ತ ವಾರಕ್ಕೊಮ್ಮೆ ಮನೆ ಕಾಣುವವನು. ಮಕ್ಕಳಿಲ್ಲ. ಅವಳು ವೈನನ್ನು ಮೂಸಿಯೂ ನೋಡಿದವಳಲ್ಲ, ಆದರೆ ಶಿರಾಜ್ ಬಳ್ಳಿಗಳ ಹೆಸರೆತ್ತಿದರೆ ಅವಳ ಕುತ್ತಿಗೆ ತುಸು ಉದ್ದವಾಗುತ್ತಿತ್ತು.

ಮರುದಿನ ಭಾನುವಾರ. ರೇವಣ ನಾಷ್ಟಾ ಮುಗಿಸಿ ತೋಟಕ್ಕೆ ಹೋದ. ಅವನ ಮನೆ, ವೈನಿಯ ಮನೆ ಎಲ್ಲ ಒಂದೇ, ತೋಟ ಹಿತ್ತಲಿಗೆ ಹತ್ತಿಕೊಂಡೇ ಇದೆ. ಅವನು ಕಾಲಿಡುವುದಕ್ಕೂ ಕಂಬ ಕೆಮ್ಮುವುದಕ್ಕೂ ಸರಿಹೋಯಿತು.

“ಅವ್ವಾರ... ಬಿಸಲ ಭಾಳ ಆತು...”

“ಬಂದ್ನಿ, ತಡಿಯಪಾ” ಎಂದು ವೈನಿ ಸೆರಗು ಸಿಕ್ಕಿಸಿಕೊಂಡು ವಾಲ್ವಿನತ್ತ ಓಡಿದಳು.

“ವೈನಿ! ಏನ ಮಾಡಾಕತ್ತೀರಿ?”

“ಕಾಣವಲ್ದೇನ? ನೀರ ಬಿಡಾಕತ್ತೀನಿ.”

“ಬಣ್ಣ ತಿರಗಿದ ಮ್ಯಾಲೆ ಬಿಡಬ್ಯಾಡ್ರಿ ಅಂತ ಬಡ್ಕೊಂಡೀನಿ.”

“ಬ್ಯಾಡಂದಾವ ನೀನು. ಬೇಕನ್ನೂದು ಅದು. ಕುಡಿಯೂದು ಯಾರು, ನೀನೋ ಅದೋ?”

“ಇಪ್ಪತ್ಮೂರು ಬ್ರಿಕ್ಸ್ ಬರಬೇಕ್ರಿ ವೈನಿ. ಇಲ್ಲಂದ್ರ ಗರಗಸ ಬರತೈತಿ.”

“ಬ್ರಿಕ್ಸ್ ಅಂದ್ರ ಇಟ್ಟಂಗಿ ಅಂತ ಸಾಲ್ಯಾಗ ನಮ್ಮ ಅಕ್ಕೋರು ಕಲಿಸ್ಯಾರ. ಇಷ್ಟ ಸಣ್ಣ ಕಾಳಿನಾಗ ಇಪ್ಪತ್ಮೂರು ಇಟ್ಟಂಗಿ ಎಲ್ಲಿಂದ ತುರಕಲಿ?” ಅಂದವಳು ಗಂಭೀರಳಾದಳು. “ರೇವಣ, ಗರಗಸದ ಸುದ್ದಿ ನನಗ ಗೊತ್ತಿಲ್ಲೇನ? ದಿನಾ ನಿಶ್ಚೆ ಮಾಡಿ ಬರ್ತೀನಿ, ಇವತ್ತ ಬಿಡಬಾರದು ಅಂತ. ಅದು ಹಿಂಗ ಬಾಗಲದಾಗ ನಿಂತಂಗ ಕೇಳತೈತಿ. ಕೈ ತಾನs ಹೋಗತೈತಿ.”

ಆ ಮನೆಯ ಪದ್ಧತಿ ರೇವಣನಿಗೆ ಗೊತ್ತಿಲ್ಲದ್ದಲ್ಲ. ಹೊಸ್ತಿಲಿಗೆ ಯಾರೇ ಬರಲಿ, ಮೊದಲು ತಂಬಿಗೆ ನೀರು, ಬೆಲ್ಲದ ಚೂರು. ಯಾರು, ಎತ್ತಣಿಂದ ಎಂಬ ವಿಚಾರಣೆ ಗಂಟಲು ತೇವವಾದ ಮೇಲೆ. ಒಮ್ಮೆ ಕರೆಂಟು ಕತ್ತರಿಸಲು ಬಂದ ಲೈನ್‌ಮನ್ನಿಗೂ ಹಾಗೇ ಆಗಿ, ಅವನು ಬೆಲ್ಲ ತಿಂದು ಕತ್ತರಿಸದೆಯೇ ಹೋಗಿದ್ದ.

ಸೋಮವಾರ ಮೇಡಂ ವಿಷಯ ಕೇಳಿ ಎರಡೇ ಮಾತಿನಲ್ಲಿ ಮುಗಿಸಿದರು. “ವಾಲ್ವ್ ಲಾಕ್ ಮಾಡ್ರಿ. ಇಲ್ಲಿಂದ.”

ರೇವಣ ಗುಂಡಿ ಒತ್ತಿದ. ಮೂರು ದಿನ ಹದಿನೇಳನೆಯ ಗೆರೆ ಸಜ್ಜನರ ಸಾಲಿನಲ್ಲಿ ನಡೆಯಿತು. ನಾಲ್ಕನೆಯ ದಿನ ಮತ್ತೆ ಬಿತ್ತು. ಅವನು ಮನೆಗೆ ಫೋನು ಮಾಡಿದ. ಹೆಂಡತಿ ದಾನಮ್ಮ ಏದುಸಿರಿನಲ್ಲಿ ಎತ್ತಿದಳು.

“ವೈನಿ ಕೊಡಾ ಹೊರಾಕತ್ತಾರ. ನಾನೂ ಹೊತ್ತೆ, ಇಪ್ಪತ್ತ ಕೊಡ ಆತು.”

“ಇಪ್ಪತ್ತ ಬಳ್ಳಿಗೇನ? ಬುಗುಡಿ ಇದ್ದವಕ್ಕಷ್ಟs?”

“ಬೆಳಿಗ್ಗೆ ಅಷ್ಟs ಇತ್ತು. ಆಮ್ಯಾಲೆ ವೈನಿ ಅಂದ್ರು, ಮಾತಾಡೋರಿಗೆ ನೀರು, ಸುಮ್ಮನ ಕೂತೋರಿಗೆ ಇಲ್ಲಂದ್ರ ಪಂಕ್ತಿಭೇದ ಆಗತೈತಿ ಅಂತ. ಸಂಘದಿಂದ ಹದಿನಾಕ ಮಂದಿ ಬಂದಾರ. ಸಾಲ ಹಿಡದ ಹಾಕಾಕತ್ತಾರ.”

ಮೇಡಂ ಹಣೆ ಒತ್ತಿಕೊಂಡರು. ಐವತ್ತು ದಾಟಿದ ಹೆಂಗಸಿನ ಬೆನ್ನು ಮುರಿಯಬಾರದೆಂದು ಲಾಕ್ ತೆಗೆಸಿದರು. “ವಾಲ್ವಿನ್ಯಾಗ ತಪ್ಪಿಲ್ಲ, ನಿಮ್ಮ ಮಾತಿನ್ಯಾಗ ಅದ. ಮಾತು ಬದಲು ಮಾಡ್ರಿ.”

ಮಾತು ಬದಲಿಸುವುದು ರೇವಣನಿಗೆ ಎಡಗೈ ಕೆಲಸ. ಅದೇ ಮೋದಿನಸಾಬನ ದನಿಯಲ್ಲಿ, “ಬ್ಯಾಡ್ರಿ ಅವ್ವಾರ, ನನಗ ನೀರು ಬ್ಯಾಡ” ಎಂದು ಹೇಳಿಸಿದ. ಆ ದಿನ ಗೆರೆ ಒಂಬತ್ತು ಸಲ ಬಿತ್ತು. ಸಂಜೆ ಕೇಳಿದರೆ ವೈನಿ ಅಂದಳು: “ಬಂದವರು ಬ್ಯಾಡs ಅಂತಾರ. ಅದು ಅವರ ದೊಡ್ಡಸ್ತನ. ಹಾಂಗಂತ ಬಿಡಾಕ ಬರತೈತೇನ? ಎರಡ ಸಲ ಒತ್ತಾಯ ಮಾಡಿದೆ, ಕುಡೀತು.”

ಸರಿ, ಮರ್ಯಾದಸ್ಥ ಅತಿಥಿಯೇ ಬೇಡ ಎಂದು ಅವನು ಕುಡುಕನನ್ನು ತಂದ. ತೊದಲು, ತೇಗು, ಎರಡು ಬೈಗಳು. ಹೊಸ್ತಿಲಿಂದಲೇ ಅಟ್ಟುವಂಥ ಗಿರಾಕಿ. ವೈನಿ ಪಂಪು ಹಾಕಿ ಬಂದಳು. “ಕುಡದವಗ ಮೊದಲ ನೀರs ಕುಡಸಬೇಕು, ಇಲ್ಲಂದ್ರ ಕರಳ ಸುಡತೈತಿ. ಬೈದರ ಬೈಲಿ ಬಿಡು.”

ಜನವರಿ ಮುಗಿಯುತ್ತ ಬಂತು. ಗೊನೆಯ ಕಾಳುಗಳು ಚೆಂದಾಗಿ ದುಂಡಗೆ ಉಬ್ಬತೊಡಗಿದವು. ಆ ಚೆಂದ ನೋಡಿ ರೇವಣ ಸಕ್ಕರೆ ಅಳೆಯಲು ಉಳಿದ ವಾರಗಳನ್ನು ಎಣಿಸಿದ. ವೈನಿ ಯಾರಿಗಾದರೂ ನೀರು ಇಲ್ಲವೆಂದದ್ದುಂಟೇ ಎಂದು ಯೋಚಿಸುತ್ತ ಬಸ್ಸಿನಲ್ಲಿ ಬರುವಾಗ ತಟ್ಟನೆ ಹೊಳೆಯಿತು. ಬಾಣಂತಿಗೆ! ಓಣಿಯ ಬಾಣಂತಿಯರಿಗೆಲ್ಲ ಒಂದು ಕಾಲಕ್ಕೆ ವೈನಿಯೇ ಎರೆಯುತ್ತಿದ್ದವಳು. ಹಸಿಮೈಯವರು ನೀರು ಕುಡಿಯಬಾರದು, ಹೊಟ್ಟೆ ಉಬ್ಬುತ್ತದೆ ಎಂದು ಬಟ್ಟಲಲ್ಲಿ ಅಳೆದು ಅಜವಾನದ ನೀರು ಕೊಡುತ್ತಿದ್ದಳು, ಎಷ್ಟು ಗೋಗರೆದರೂ ಹೆಚ್ಚಿಗೆ ಒಂದು ಹನಿ ಇಲ್ಲ. ಆ ಪದ್ಧತಿ ತಪ್ಪೆಂದು ನರ್ಸಮ್ಮ ಮನೆಮನೆಗೆ ಬಂದು ಹೇಳಿ ಹೋದದ್ದೂ ರೇವಣನಿಗೆ ಗೊತ್ತಿತ್ತು. ಹೆಂಗಸಿಗೆ ತಪ್ಪಾದದ್ದು ಬಳ್ಳಿಗೆ ಸರಿಯಾಗಬಹುದಲ್ಲ! ಅವನಿಗೆ ತನ್ನ ಜಾಣತನದ ಮೇಲೆ ಪ್ರೀತಿ ಉಕ್ಕಿತು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೈಕಿನ ಮುಂದೆ ಕುಳಿತ. ಹೆಣ್ಣುದನಿ ಅವನಿಗೆ ಹೊಸದಲ್ಲ. ಬಾಣಂತಿಯ ದನಿ ಹೇಗಿರುತ್ತದೆಂದು ನೆನೆಸಿಕೊಂಡಾಗ ಅವನಿಗೆ ಗೊತ್ತಿದ್ದದ್ದು ಒಬ್ಬಳದೇ, ನಾಲ್ಕು ವರ್ಷದ ಹಿಂದೆ, ಈಗ ಅಂಗನವಾಡಿಗೆ ಹೋಗುವ ಮಗಳು ಹುಟ್ಟಿದಾಗ, ಅವನು ನಾಸಿಕದ ತರಬೇತಿಯಲ್ಲಿದ್ದು ಫೋನಿನಲ್ಲಿ ಕೇಳಿದ್ದ ದಾನಮ್ಮನದು. ಅದೇ ನಾಲಿಗೆಗೆ ಬಂತು. “ವೈನಿ... ಗಂಟಲ ಒಣಗೇತಿ... ಒಂದ ಗುಟುಕ ಕೊಡ್ರಿ ವೈನಿ...” ಮೂರು ಗಂಟೆಗೆ ಅದನ್ನು ತೋಟಕ್ಕೆ ಬಿಟ್ಟು ಪರದೆಯ ಮುಂದೆ ಕಾದ. 

ಮೂರೂ ಹತ್ತಕ್ಕೆ ಗೆರೆ ಬಿತ್ತು. ಮತ್ತೆ ಏಳಲಿಲ್ಲ. ನಾಲ್ಕಾಯಿತು, ಐದಾಯಿತು, ವಾಲ್ವ್ ಪೂರ್ತಿ ತೆರೆದೇ ಇತ್ತು. ಮನೆಯ ಫೋನು ಯಾರೂ ಎತ್ತಲಿಲ್ಲ.

ಅವನು ಹೋಗುವಷ್ಟರಲ್ಲಿ ತೋಟವೆಲ್ಲ ಕೆಸರಾಗಿತ್ತು. ಟ್ಯಾಂಕು ಬರಿದು. ವೈನಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ದಾನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಹಿಟ್ಟಿಗಿಂತ ಹೆಚ್ಚಾಗಿ ಯಾರನ್ನೋ ಬಡಿಯುವ ಹಾಗೆ.

“ಏನಾತು?”

“ನಿಮ್ಮ ಕಂಬಕ್ಕ ಕೇಳ್ರಿ. ನನ್ನ ದನಿ ಕದ್ದ ಅಲ್ಲಿ ಇಟ್ಟೀರಲ್ಲ.”

“ವೈನಿ ಬಾಣಂತ್ಯಾರಿಗೆ ನೀರ ಕೊಡಂಗಿಲ್ಲ ಅಂತ...”

“ಕೊಡತಿರಲಿಲ್ಲ. ನನಗೂ ಕೊಡಲಿಲ್ಲ.” ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. “ನಮ್ಮವ್ವ ಇಲ್ಲಂತ ವೈನಿನs ಬಾಣಂತನ ಮಾಡಿದ್ರು. ಹಗಲೂ ರಾತ್ರಿ ನಿದ್ದಿ ಬಿಟ್ಟ ಮಾಡಿದ್ರು. ನೀರಷ್ಟs, ಮುಂಜಾನಿ ಒಂದ ಬಟ್ಟಲ, ಸಂಜಿಗೊಂದು. ಆರನೇ ದಿನ ಮೂತ್ರ ಕಟ್ಟಿ, ಜ್ವರ ಏರಿ, ನಾ ಯಾರನ್ನೂ ಗುರ್ತಾ ಹಿಡೀಲಿಲ್ಲಂತ. ದವಾಖಾನ್ಯಾಗ ಡಾಕ್ಟರಮ್ಮ ಕೇಳಿದ್ಲು, ನೀರ ಕೊಡಬ್ಯಾಡ ಅಂದವರು ಯಾರು ಅಂತ. ವೈನಿ ಸಾಲಿ ಹುಡುಗೂರಂಗ ಕೈ ಎತ್ತಿ ನಿಂತ್ರಂತ. ಎತ್ತಿದ ಕೈ ಇಳಿಸಲೇ ಇಲ್ಲಂತ.”

“ಟೈಫಾಯ್ಡ್ ಅಂದಿದ್ರಿ ನನಗ.”

“ನಾನs ಅನ್ನಿಸಿದ್ದೆ. ಅವರ ಮಾನ ಹೋಗೂದ ಬ್ಯಾಡಾಗಿತ್ತು.” ಅವಳು ತಿರುಗಿ ಅವನನ್ನು ನೋಡಿದಳು. “ಅವತ್ತಿಂದ ಅವರು ಯಾರಿಗೂ ನೀರ ಇಲ್ಲ ಅಂದಿಲ್ಲ, ಬೆಕ್ಕಿಗೂ ಇಲ್ಲ ಅಂದಿಲ್ಲ. ಇವತ್ತ ಆ ಕಂಬದಾಗಿಂದ ನಾ ಬೇಡಿಕೊಂಡೆ. ಅವರು ಓಡಿ ಹೋಗಿ ವಾಲ್ವ್ ತಗದು, ಕೆಸರಿನ್ಯಾಗ ಕುಂತಬಿಟ್ರು. ನಾ ಎದರಿಗೆ ಹೋಗಿ ನಿಂತ್ರೂ ನನ್ನ ಮಾರಿ ನೋಡಲಿಲ್ಲ.”

ರೇವಣ ಆ ಸಂಜೆ ಊಟ ಮಾಡಲಿಲ್ಲ. ಯಾರ ದನಿಯಲ್ಲೂ ಮಾತಾಡಲಿಲ್ಲ.

ಬೆಳಿಗ್ಗೆ ವೈನಿ ಎಂದಿನಂತೆ ತೋಟದಲ್ಲಿ ಕೆಸರು ಮೆಟ್ಟಿಕೊಂಡು ಗೊನೆ ನೋಡುತ್ತಿದ್ದಳು. ರೇವಣ ಕಂಬದ ಸ್ಪೀಕರಿನ ತಂತಿ ಕಿತ್ತು, ಅವಳೆದುರು ಬಂದು ನಿಂತ.

“ವೈನಿ, ಒಂದ ತಪ್ಪಾಗೇತಿ.”

“ದಾನವ್ವ ಹೇಳಿರಬೇಕು. ನೀ ಗೊತ್ತಿದ್ದ ಮಾಡಿಲ್ಲ. ಬಿಡು.”

“ಅದಲ್ರಿ. ಮೊದಲಿಂದs ತಪ್ಪೈತಿ. ಬಳ್ಳಿ ನೀರ ಕೇಳಿಲ್ಲ.”

“ಕೇಳಿಲ್ಲೇನ? ಮೂರ ವರ್ಷದಿಂದ...”

“ದನಿ ನಂದು ಅಂತ ನಿಮಗ ಗೊತ್ತಿತ್ತು.”

“ಊರಿಗೇ ಗೊತ್ತೈತಿ. ದನಿ ನಿಂದು, ಮಾತ ಅದರದು. ದುಭಾಷಿ ಇದ್ದಂಗ.”

“ಮಾತೂ ನಂದs.” ಅವನು ಕಿತ್ತ ತಂತಿಯನ್ನು ಕೈಗೆ ಸುತ್ತಿಕೊಂಡ. “ಅದು ಟಕ್ ಅಂತೈತಿ, ಅಷ್ಟs. ತಾಸಿಗೆ ಇಂತಿಷ್ಟು ಟಕ್ ಆದ್ರ ಇಂಥಾ ಮಾತು ಹೊರಡಲಿ ಅಂತ ಕೋಣ್ಯಾಗ ಕೂತು ಮೂವತ್ತೆರಡ ಮಾತ ಬರದಾವ ನಾನು. ಕ್ಯಾಬರ್ನೆ ಹಂಗs ಟಕ್ ಅಂದ್ರ ‘ಪಾಠ ಮುಗದಿಲ್ಲ’ ಅಂತ ಬರದೆ, ಅವರ ತೋಟದಾಗ ಯಾರೂ ನೀರ ಬಿಡಲಿಲ್ಲ. ಇದಕ್ಕ ‘ನೀರ ಕೊಡ್ರಿ’ ಅಂತ ಬರದೆ. ಯಾಕಂದ್ರ ಕೇಳಾಕ ಚಂದ ಇತ್ತು.”

ವೈನಿ ತಲೆಯೆತ್ತಿ ಕಂಬವನ್ನು ನೋಡಿದಳು. ಆಮೇಲೆ, “ಹಂಗಾದ್ರ ಮೂರ ವರ್ಷ ನಾ ಬಳ್ಳಿಗೆ ನೀರs ಹಾಕಿಲ್ಲ, ನಿನ್ನ ಗಂಟಲಕ್ಕ ಹಾಕೀನಿ” ಅಂದಳು. “ನಾ ಸುಖಾ ದುಃಖಾ ಎಲ್ಲಾ ಅದರ ಮುಂದ ಹೇಳೀನಲ್ಲೋ ರೇವಣ. ಅದು ಹೂಂ ಅಂತಿತ್ತು.”

“ಅದೂ ನಾನs ಹಾಕಿದ್ದೆ. ಹನ್ನೊಂದನೇ ಮಾತು.”

ವೈನಿ ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕೆ ಒಗೆದಳು. ಸುಮ್ಮನೆ ಎರಡು ಸಾಲು ದಾಟಿ ಹೋದಳು, ತಿರುಗಿ ಬಂದಳು. “ನಿಜವಾದ ಸಪ್ಪಳ ಎಲ್ಲೈತಿ? ಕೇಳಸು.”

ನೆಲ ಆರಿ ಟಕ್ಕುಗಳು ಮತ್ತೆ ಹುಟ್ಟಲು ಐದು ದಿನ ಹಿಡಿಯಿತು. ಆರನೆಯ ದಿನ ಮಧ್ಯಾಹ್ನ ರೇವಣ ಲ್ಯಾಪ್‌ಟಾಪ್ ತಂದು, ಕೀಚಲು ಸದ್ದನ್ನು ಮನುಷ್ಯರ ಕಿವಿಗೆ ನಿಲುಕುವಷ್ಟು ತಗ್ಗಿಸಿ, ಅವಳ ಪಕ್ಕ ಇಟ್ಟ. ಟಕ್. ಬಹಳ ಹೊತ್ತು ಏನೂ ಇಲ್ಲ. ಟಕ್, ಟಕ್. ವೈನಿ ಬಳ್ಳಿಯ ಬುಡಕ್ಕೆ ಕುಳಿತು ಕಣ್ಣು ಮುಚ್ಚಿ ಕೇಳಿದಳು.

“ಇದು ನೀರ ಕೇಳೂದಲ್ಲ ತಗಿ.”

“ಮತ್ತ?”

“ಕೆಲಸಾ ಮಾಡಾಕತ್ತೈತಿ. ಹೊಲದಾಗಿಂದ ಎದ್ದಾಗ ನನ್ನ ಮೊಳಕಾಲ ಹಿಂಗs ಅಂತೈತಿ. ಅದು ಅಂದಕೂಡ್ಲೆ ಯಾರೂ ನನಗ ತಂಬಿಗಿ ಹಿಡಕೊಂಡ ಓಡಿ ಬರೂದಿಲ್ಲಲ್ಲ!” ಅವಳಿಗೆ ಅಷ್ಟು ದಿನದ ಮೇಲೆ ಮೊದಲ ಸಲ ನಗು ಬಂತು. ಕೂಡಲೇ ಹೋಯಿತು. “ಎಷ್ಟಕ್ಕ ಸಾಯ್ತೈತಿ?”

“ತಾಸಿಗೆ ಇನ್ನೂರು ದಾಟಿದ್ರ ಎಲಿ ಸುಡತೈತಿ. ಅದರಾಚೆ ಬಳ್ಳಿನs ಹೋಗಬಹುದು. ನೂರಾ ಐವತ್ತರ ಮಟಾ ತಡೀತೈತಿ, ಅಷ್ಟ ತಡದ್ರ ಹಣ್ಣಿಗೆ ಚಲೋ.”

“ಖರೇ ಹೇಳಾಕತ್ತೀಯೋ, ಇದೂ ಬರದದ್ದೋ?”

“ಇದು ಮೇಡಂ ಅಳದದ್ದು, ವೈನಿ.”

“ಹಂಗಾದ್ರ ನೂರಾ ಐವತ್ತಕ್ಕ ನಾ ನೀರ ಬಿಡಾಕಿ. ಒಂದೂ ಹೆಚ್ಚ ಕಾಯೂದಿಲ್ಲ. ನೂರಾ ನಲವತ್ತೊಂಬತ್ತಕ್ಕ ಬಿಡೂದಿಲ್ಲ. ಮತ್ತ ನೀ ಇದರ ಬಾಯಾಗ ಇನ್ನೊಂದ ಮಾತ ತುರಕಿದಿ ಅಂದ್ರ, ಗರಗಸ ಮೊದಲ ನಿನ್ನ ಕಂಬಕ್ಕ ಹಾಕ್ತೀನಿ.”

ಮೆಹಜಬೀನ್ ಮೇಡಂ ಮೂವತ್ತೆರಡು ಮಾತುಗಳ ಪಟ್ಟಿಯನ್ನು ತೆರೆದು, ಶಿರಾಜಿನ ಸಾಲಿನ ಕೆಳಗಿದ್ದ ತಮ್ಮದೇ ಸಹಿಯನ್ನು ದಿಟ್ಟಿಸಿದರು. “ನಾನೂ ಅತ್ತಿದ್ದೆ ಇದನ್ನ ಕೇಳಿ. ಅವತ್ತs ಅನುಮಾನ ಪಡಬೇಕಿತ್ತು” ಎಂದು ಆ ಸಾಲನ್ನು ಅಳಿಸಿದರು. ಬೇರೆ ತೋಟಗಳ ಮಾತನ್ನೂ ತೆಗೆಯೋಣವೆಂದು ವಿಚಾರಿಸಿದರೆ, ಹೆಡ್‌ಮಾಸ್ತರರನ್ನು ನಿಲ್ಲಿಸಿದರೆ ಬುಗುಡಿಯನ್ನೇ ಕಿತ್ತುಕೊಡುತ್ತೇವೆಂದು ಕ್ಯಾಬರ್ನೆಯವರು ಗಲಾಟೆ ಮಾಡಿದರು. ಹದಿನೇಳನೆಯ ತೋಟದಲ್ಲಿ ಮಾತ್ರ ಕಂಬ ಮೂಕವಾಯಿತು. ಅದರ ಬುಡದಲ್ಲಿ, ಟಕ್ಕುಗಳನ್ನು ಹಾಗೆಯೇ ಕೇಳಿಸಿ ಅಂಕಿ ತೋರಿಸುವ ಪೆಟ್ಟಿಗೆಯೊಂದು ಬಂತು.

ಫೆಬ್ರವರಿ ಹಾಗೆ ಕಳೆಯಿತು. ನೂರಾ ಹತ್ತು, ನೂರಾ ಮೂವತ್ತು. ವೈನಿ ಮಧ್ಯಾಹ್ನದ ಬಿಸಿಲಿಗೆ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಒಂದು ದಿನ ನೂರಾ ನಲವತ್ತೆಂಟು ಮುಟ್ಟಿದಾಗ ವಾಲ್ವಿನ ಮೇಲೆ ಕೈಯಿಟ್ಟುಕೊಂಡು ಮುಕ್ಕಾಲು ತಾಸು ನಿಂತಿದ್ದಳು. ದಾನಮ್ಮ ಅಷ್ಟೂ ಹೊತ್ತು ಪಕ್ಕದಲ್ಲೇ ನಿಂತು, ನಡುವೆ ಒಮ್ಮೆ ತಂಬಿಗೆಯಿಂದ ಗಟಗಟ ನೀರು ಕುಡಿದು, ಉಳಿದದ್ದನ್ನು ವೈನಿಗೆ ಕುಡಿಸಿದಳಂತೆ. ಅಂಕಿ ತಾನಾಗಿ ಇಳಿಯಿತು. ಇನ್ನೊಂದು ದಿನ ನೂರಾ ಐವತ್ತೆರಡಕ್ಕೆ ಏರಿತು. ವೈನಿ ಹತ್ತು ನಿಮಿಷ ನೀರು ಬಿಟ್ಟಳು. ಹನ್ನೊಂದನೆಯ ನಿಮಿಷ ಬಿಡಲಿಲ್ಲ.

ಉಬ್ಬಿದ್ದ ಕಾಳುಗಳಲ್ಲಿ ಎಷ್ಟೋ ಬಿರಿದು ಉದುರಿದವು, ಬೆಳೆ ಅರ್ಧಕ್ಕರ್ಧ ಹೋಯಿತು. ಉಳಿದವು ಸಣ್ಣಗಾಗಿ ಕಪ್ಪಾದವು. ಅವಳು ದಿನಕ್ಕೊಂದು ಕಾಳು ಬಾಯಿಗೆ ಹಾಕಿ, ಬೀಜ ಉಗಿದು, ಸಂಜೆ ರೇವಣನಿಗೆ ವರದಿ ಕೊಡುತ್ತಿದ್ದಳು. “ಇವತ್ತ ಬರೇ ಸಕ್ಕರಿ ನೀರು.” “ಇವತ್ತ ಈಟ ನೇರಳಿ.” ಮಾರ್ಚ್ ಎರಡನೆಯ ವಾರ ಒಂದು ಸಂಜೆ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. “ರೇವಣ, ಸಾರಿಗೆ ಹಾಕೂ ಮೆಣಸ ಬಂತೋ! ಕಡೀಕ ಬಂತು, ಇಲ್ಲಿ, ನಾಲಿಗಿ ಹಿಂದ!”

ಪರೀಕ್ಷೆಯ ದಿನ ಮಾರ್ಚ್ ಇಪ್ಪತ್ತು. ಸಂಬಂಧಿಕರ ತೋಟಕ್ಕೆ ಅಳತೆಯ ವೇಳೆ ಸಿಬ್ಬಂದಿ ಹೋಗಬಾರದೆಂಬ ನಿಯಮವಿತ್ತು. ಹಾಗಾಗಿ ರೇವಣ ಕಂಟ್ರೋಲ್ ರೂಮಿನಲ್ಲಿದ್ದ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದ. ಆ ಕಡೆ ದಾನಮ್ಮ ಪಿಸುಗುಡುತ್ತಿದ್ದಳು: ವೈನರಿಯ ಮನುಷ್ಯ ಬಂದ, ಐದು ಕಡೆ ಐದು ಗೊನೆ ಕಿತ್ತ, ಹಿಂಡಿದ, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸಕ್ಕರೆ ಅಳೆಯುವ ನಳಿಗೆಯನ್ನು ಕಣ್ಣಿಗೆ ಹಿಡಿದ. 

“ಇಪ್ಪತ್ತೆರಡೂವರಿ ಅಂದ,” ದಾನಮ್ಮನ ಉಸಿರು ಕೇಳಿಸಿತು. “ಎರಡನೇದು ಇಪ್ಪತ್ಮೂರು ಚುಕ್ಕಿ ಆರು... ಮೂರನೇದು ಇಪ್ಪತ್ತೆರಡು ಚುಕ್ಕಿ ಎಂಟು... ನಾಕನೇದು ಇಪ್ಪತ್ಮೂರು ಚುಕ್ಕಿ ಎರಡು...”

ಮೆಹಜಬೀನ್ ಮೇಡಂ ಕಾಗದದ ಮೇಲೆ ಕೂಡಿಸುತ್ತಿದ್ದರು. ಐದನೆಯದಕ್ಕೆ ದಾನಮ್ಮ ತಡಮಾಡಿದಳು.

“ಹೇಳs ಮಾರಾಯ್ತಿ!” ರೇವಣ ಕೂಗಿದ.

“ಇಪ್ಪತ್ಮೂರು ಚುಕ್ಕಿ ನಾಕು.”

ಮೇಡಂ ಭಾಗಿಸಿ ಪೆನ್ನು ಕೆಳಗಿಟ್ಟರು. “ಇಪ್ಪತ್ಮೂರು ಚುಕ್ಕಿ ಒಂದು. ಸಾಕು. ಗರಗಸ ಬ್ಯಾಡ.”

ಫೋನಿನಲ್ಲಿ ಸಂಘದ ಹೆಂಗಸರ ಗದ್ದಲ ಎದ್ದಿತು, ಯಾರೋ ನಗುತ್ತಿದ್ದರು, ಯಾರೋ ಕ್ರೇಟು ತರಿಸಲು ಕೂಗುತ್ತಿದ್ದರು. ಆ ಗದ್ದಲದಲ್ಲಿ ವೈನಿಯ ದನಿ ಇರಲಿಲ್ಲ. “ವೈನಿ ಎಲ್ಲಿ?” ಎಂದು ರೇವಣ ಕೇಳಿದ. ಕೊನೆಯ ಗೊನೆ ಕೊಯ್ಯುವವರೆಗೂ ಅವರು ಮಾತಾಡುವುದಿಲ್ಲವಂತೆ ಎಂದು ದಾನಮ್ಮ ಹೇಳಿ ಫೋನಿಟ್ಟಳು.

ಕೊಯ್ಲು ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಕ್ರೇಟುಗಳ ಗಾಡಿ ಸಿದ್ದನಕೇರಿ ದಾಟಿತೆಂಬ ಸುದ್ದಿ ಬಂತು. ಆಗ ಹದಿನೇಳನೆಯ ಗೆರೆ ನೂರಾ ಮೂವತ್ತೈದರಲ್ಲಿತ್ತು. ಎರಡೂ ಕಾಲಿಗೆ ಅದು ಇಳಿಯತೊಡಗಿತು. ಈ ಸಲ ದೊಪ್ಪನೆ ಬೀಳಲಿಲ್ಲ, ಮೆಲ್ಲಗೆ, ನಿರಾಳವಾಗಿ ಕೆಳಗೆ ಬಂತು. ನೂರು. ಅರವತ್ತು. ಹನ್ನೆರಡು. ವಾಲ್ವ್ ಪೂರ್ತಿ ತೆರೆದಿತ್ತು. ಹಣ್ಣು ಹೋದ ಮೇಲೆ ಬಳ್ಳಿಗೆ ನೀರು ಕೊಡಬೇಕೆಂಬುದು ಮೇಡಂ ಬರೆದ ಪುಸ್ತಕದಲ್ಲೂ ಇತ್ತು, ಆದರೆ ಅದನ್ನು ವೈನಿಗೆ ಯಾರೂ ಇನ್ನೂ ಹೇಳಿರಲಿಲ್ಲ.

ಗೆರೆ ಸೊನ್ನೆಗೆ ತಾಗಿ ಅಲ್ಲೇ ಮಲಗಿತು.

ಮೇಡಂ ಪಕ್ಕಕ್ಕೆ ಬಂದು ನಿಂತರು. ಹಳೆಯ ರೂಢಿಯಿಂದ ಕೇಳಿದರು: “ಏನಂತದ?”

ರೇವಣನ ನಾಲಿಗೆಯ ತುದಿಗೆ ನಾಲ್ಕು ದನಿಗಳು ಒಟ್ಟಿಗೆ ಬಂದವು. ಅವನು ನಾಲ್ಕನ್ನೂ ನುಂಗಿಕೊಂಡ.

“ಏನೂ ಅನ್ನವಲ್ತು, ಮೇಡಂ. ಕುಡ್ಯಾಕತ್ತೈತಿ.”